ಕೋವಿಡ್ ನಂತರ ಉಳಿದ ಕಾಯಿಲೆಯ ಅಧ್ಯಯನ ಕೊಡಗಿನಲ್ಲೂ ನಡೆಯಲಿ: ಮಡಿಕೇರಿ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರಾದ ಡಾ. ಮಂತರ್ ಗೌಡ ಅವರಿಗೆ, ನಮಸ್ಕಾರಗಳು.

ತಾವು ನಮ್ಮ ಕ್ಷೇತ್ರದ ಪ್ರತಿನಿಧಿಯೂ ಹೌದು, ವೈದ್ಯರೂ ಹೌದು. ಆ ಕಾರಣಕ್ಕೇ ಈ ಪತ್ರ ತಮಗೆ. ಕೋವಿಡ್ ಬಂದು ಹೋದ ಮೇಲೂ ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷಗಟ್ಟಲೆ ಉಳಿದುಬಿಟ್ಟಿರುವ ಅನಾರೋಗ್ಯದ ಬಗ್ಗೆ ನಮ್ಮ ಜಿಲ್ಲೆಯಲ್ಲಿ ಒಂದು ವ್ಯವಸ್ಥಿತ ಅಧ್ಯಯನ ನಡೆಯಬೇಕು, ಮಡಿಕೇರಿಯ ಕೊಡಗು ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಅದನ್ನು ಕೈಗೆತ್ತಿಕೊಳ್ಳುವಂತೆ ತಾವು ಮುತುವರ್ಜಿ ವಹಿಸಬೇಕು ಎಂಬುದು ನನ್ನ ವಿನಂತಿ.

ಸುಂಟಿಕೊಪ್ಪದ ಹತ್ತಿರ ನಮಗೊಂದು ಸಣ್ಣ ರೊಬಸ್ಟಾ ಕಾಫಿ ತೋಟವಿದೆ. ಅಲ್ಲಿಗೆ ಹಲವು ವರ್ಷಗಳಿಂದ ಕೊಯ್ಲಿಗೆ ಬರುತ್ತಿರುವ ಹೆಣ್ಣುಮಗಳೊಬ್ಬರಿಗೆ 2021ರ ಎರಡನೇ ಅಲೆಯಲ್ಲಿ ಜ್ವರ ಬಂತು. ತೋಟದ ಕೆಲಸಗಾರರು ವಾಸಿಸುವ ಲೈನ್ ಮನೆಯಲ್ಲೇ ಮಲಗಿ ಎದ್ದರು. ಆಸ್ಪತ್ರೆಗೆ ಸೇರಲಿಲ್ಲ, ಗಂಟಲು ದ್ರವದ ಪರೀಕ್ಷೆಯೂ ಆಗಲಿಲ್ಲ. ಹಣ್ಣು ತುಂಬಿದ ಚೀಲವನ್ನು ತಲೆಯ ಮೇಲೆ ಹೊತ್ತು ಇಳಿಜಾರಿನ ತಳದಿಂದ ತೂಕ ಹಾಕುವ ಜಾಗದವರೆಗೆ ನಿಲ್ಲದೆ ಬರುತ್ತಿದ್ದವರು ಈಗ ಅರ್ಧ ದಾರಿಯಲ್ಲಿ ಚೀಲ ಇಳಿಸಿ, ಸಿಲ್ವರ್ ಮರಕ್ಕೆ ಒರಗಿ ನಿಂತು, ಎದೆಬಡಿತ ತಹಬಂದಿಗೆ ಬಂದ ಮೇಲೆ ಮತ್ತೆ ಎತ್ತುತ್ತಾರೆ. ಒಂದು ದಿನ ಪೂರ್ತಿ ಕೊಯ್ದರೆ ಮರುದಿನ, ಕೆಲವೊಮ್ಮೆ ಅದರ ಮರುದಿನವೂ ಏಳಲಾಗುವುದಿಲ್ಲ. ವೈದ್ಯರಿಗೆ ತೋರಿಸಿದರೆ ರಕ್ತ ಪರೀಕ್ಷೆ, ಎಕ್ಸ್‌ರೇ, ಇಸಿಜಿ ಎಲ್ಲವೂ ಸರಿಯಿದೆ ಎಂದು ಶಕ್ತಿಯ ಮಾತ್ರೆ ಬರೆದುಕೊಟ್ಟರು. ಕೊಯ್ಲಿನ ಕೂಲಿ ಕಿಲೋ ಲೆಕ್ಕದಲ್ಲಿ ಸಿಗುವುದರಿಂದ ಅವರ ಸಂಪಾದನೆ ಇಳಿಯಿತು. ಜೊತೆಯವರು ಅದನ್ನು ಸೋಮಾರಿತನವೆಂದರು. ಇದು ಕೋವಿಡ್‌ನ ಪರಿಣಾಮವೇ ಎಂದು ನಾನು ಹೇಳಲಾರೆ. ಹೌದೋ ಅಲ್ಲವೋ ಎಂದು ಹೇಳುವವರು ಜಿಲ್ಲೆಯಲ್ಲಿ ಅವರಿಗೆ ಇದುವರೆಗೆ ಸಿಕ್ಕಿಲ್ಲ ಎಂಬುದೇ ನನ್ನ ಸಂಕಟ.

ಸೋಂಕು ತಗುಲಿದ ಸುಮಾರು 3 ತಿಂಗಳ ನಂತರವೂ ಇರುವ, ಕನಿಷ್ಠ 2 ತಿಂಗಳು ಕಾಡುವ, ಬೇರೆ ಕಾಯಿಲೆಯಿಂದ ವಿವರಿಸಲಾಗದ ಲಕ್ಷಣಗಳನ್ನು ಕೋವಿಡ್ ನಂತರದ ಸ್ಥಿತಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2021ರ ಅಕ್ಟೋಬರ್‌ನಲ್ಲಿ ವ್ಯಾಖ್ಯಾನಿಸಿತು. ಬಳಲಿಕೆ, ಉಸಿರಾಟದ ತೊಂದರೆ, ಮರೆವು ಅದರಲ್ಲಿ ಮುಖ್ಯವಾದವು; ಮನೆಯಲ್ಲೇ ಗುಣವಾದವರಿಗೂ ಇದು ಬರುತ್ತದೆ. ವೈರಾಣುವಿನ ಅಂಶಗಳು ದೇಹದಲ್ಲಿ ಉಳಿಯುವುದು, ರೋಗನಿರೋಧಕ ವ್ಯವಸ್ಥೆ ಏರುಪೇರಾಗುವುದು, ರಕ್ತನಾಳಗಳ ಒಳಪದರ ಹಾಳಾಗಿ ಸೂಕ್ಷ್ಮ ಹೆಪ್ಪುಗಳು ಕಟ್ಟುವುದು, ಹೀಗೆ ಹಲವು ಕಾರಣಗಳನ್ನು ವಿಜ್ಞಾನಿಗಳು ಪರಿಶೀಲಿಸುತ್ತಿದ್ದಾರೆ. ಖಚಿತವಾಗಿ ಗುರುತಿಸುವ ರಕ್ತ ಪರೀಕ್ಷೆಯೊಂದು ಇನ್ನೂ ಬಂದಿಲ್ಲ. ಈ ಕಾಯಿಲೆಯ ಸಂಶೋಧನೆಗಾಗಿ ಅಮೆರಿಕದ ಸಂಸತ್ತು 2020ರ ಕೊನೆಯಲ್ಲೇ 115 ಕೋಟಿ ಡಾಲರ್ ತೆಗೆದಿರಿಸಿತು. ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್‌ಗಳಲ್ಲಿ ಜನರನ್ನೇ ಕೇಳಿ ನಡೆಸಿದ ಸಮೀಕ್ಷೆ, 2024ರ ಮಾರ್ಚ್ ಹೊತ್ತಿಗೆ ಸುಮಾರು 20 ಲಕ್ಷ ಮಂದಿ ಇದರಿಂದ ಬಳಲುತ್ತಿದ್ದಾರೆ ಎಂದು ಅಂದಾಜಿಸಿತು.

ನಮ್ಮಲ್ಲಿ ಏನೂ ನಡೆದಿಲ್ಲವೆಂದಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 31 ಆಸ್ಪತ್ರೆಗಳಿಂದ ಬಿಡುಗಡೆಯಾದ 14,419 ಮಂದಿಯನ್ನು ಒಂದು ವರ್ಷ ಹಿಂಬಾಲಿಸಿ 2023ರಲ್ಲಿ ವರದಿ ಪ್ರಕಟಿಸಿತು. ಅವರಲ್ಲಿ ಶೇ 6.5ರಷ್ಟು ಮಂದಿ ಆ ಅವಧಿಯಲ್ಲಿ ತೀರಿಕೊಂಡಿದ್ದರು. ಸೋಂಕಿಗೆ ಮೊದಲೇ ಲಸಿಕೆ ಪಡೆದವರಲ್ಲಿ ಸಾವು ಕಡಿಮೆಯಿತ್ತು. ಲಸಿಕೆಯ ಮೇಲೆ ಇಂದಿಗೂ ಗುಮಾನಿ ಹಬ್ಬಿಸುವವರು ಇದನ್ನು ಗಮನಿಸಬೇಕು. ಆದರೆ ಆ ಅಧ್ಯಯನದಲ್ಲಿದ್ದವರೆಲ್ಲ ಆಸ್ಪತ್ರೆಗೆ ದಾಖಲಾದವರು. ಲೈನ್ ಮನೆಗಳಲ್ಲಿ, ಯರವ ಮತ್ತು ಜೇನು ಕುರುಬ ಬುಡಕಟ್ಟು ಜನರು ವಾಸಿಸುವ ಹಾಡಿಗಳಲ್ಲಿ ಕಷಾಯ ಕುಡಿದು ಮಲಗಿದ್ದವರು ಅಂಥ ಲೆಕ್ಕಕ್ಕೆ ಬರುವುದೇ ಇಲ್ಲ.

ನಮ್ಮಲ್ಲಿ ಈ ಕೆಲಸ ಸುಲಭವಲ್ಲ ಎಂಬುದು ತಮಗೆ ನನಗಿಂತ ಚೆನ್ನಾಗಿ ಗೊತ್ತು. ರಕ್ತಹೀನತೆ, ಕ್ಷಯ, ಥೈರಾಯ್ಡ್, ಬುಡಕಟ್ಟು ಸಮುದಾಯಗಳಲ್ಲಿ ಕುಡಗೋಲು ಕಣ ರೋಗ (ಸಿಕಲ್ ಸೆಲ್), ಇವೆಲ್ಲವೂ ಬಳಲಿಕೆಯನ್ನೇ ತರುತ್ತವೆ. ಒಂದೊಂದನ್ನೂ ಪರೀಕ್ಷಿಸಿ ಬದಿಗಿಟ್ಟ ಮೇಲೆಯೇ ಕೋವಿಡ್‌ನ ಮಾತು. ಹಾಗೆ ಹುಡುಕುವಾಗ ಒಬ್ಬರಿಗೆ ಕ್ಷಯವೋ ರಕ್ತಹೀನತೆಯೋ ಪತ್ತೆಯಾದರೂ ಅದು ಲಾಭವೇ. ಬೇಕಾಗುವ ಉಪಕರಣಗಳೂ ದುಬಾರಿಯಲ್ಲ. ಗೋಡೆಗೆ ಒರಗಿಸಿ 10 ನಿಮಿಷ ನಿಲ್ಲಿಸಿ, ನಾಡಿಬಡಿತ ನಿಮಿಷಕ್ಕೆ 30ಕ್ಕಿಂತ ಹೆಚ್ಚು ಏರುತ್ತದೆಯೇ ಎಂದು ನೋಡುವುದು, 6 ನಿಮಿಷ ನಡೆಸಿ ಬೆರಳಿಗೆ ಹಾಕುವ ಆಕ್ಸಿಮೀಟರ್‌ನಲ್ಲಿ ಆಮ್ಲಜನಕದ ಮಟ್ಟ ಓದುವುದು, ಇವನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಮಾಡಬಹುದು. ಶ್ರಮಪಟ್ಟ ಒಂದೆರಡು ದಿನಗಳ ಮೇಲೆ ಬಳಲಿಕೆ ಉಲ್ಬಣಿಸುತ್ತದೆಯೇ ಎಂಬ ಪ್ರಶ್ನೆಯನ್ನು ಮಾತ್ರ ಮೊದಲೇ ಕೇಳಬೇಕು. ಅಂಥವರಿಗೆ 6 ನಿಮಿಷ ನಡೆಯುವ ಪರೀಕ್ಷೆಯೂ ಹೆಚ್ಚಾದೀತು, ವ್ಯಾಯಾಮ ಹೆಚ್ಚಿಸಿ ಎಂಬ ಸಲಹೆ ಕೇಡನ್ನೂ ಮಾಡೀತು.

ಇನ್ನೊಂದು ಆಧಾರ ನಮ್ಮ ಕೈಯಲ್ಲೇ ಇದೆ. ತೋಟಗಳಲ್ಲಿ ಯಾರು ಯಾವ ದಿನ ಬಂದರು, ಎಷ್ಟು ಕಿಲೋ ಕೊಯ್ದರು ಎಂಬುದನ್ನು ಪುಸ್ತಕದಲ್ಲಿ ಬರೆದಿಡುವ ರೂಢಿಯಿದೆ. ಕೋವಿಡ್‌ಗೆ ಹಿಂದಿನ ಕೊಯ್ಲನ್ನೂ ಈಚಿನ ಕೊಯ್ಲನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ, ಯಾರ ದುಡಿಮೆ ಯಾವಾಗ ಕುಸಿಯಿತು, ಒಂದು ದಿನ ದುಡಿದು ಎರಡು ದಿನ ಮಲಗುವ ಕ್ರಮ ಯಾವಾಗ ಶುರುವಾಯಿತು ಎಂಬುದು ಕಾಣುತ್ತದೆ. ವಯಸ್ಸು, ಆ ವರ್ಷದ ಫಸಲು, ಮಳೆ ಇವುಗಳ ಪ್ರಭಾವವನ್ನು ಕಳೆದು ನೋಡುವುದು ಸಂಶೋಧಕರ ಕೆಲಸ. ಈ ಮಾಹಿತಿಯಿಂದ ಯಾರ ಕೆಲಸಕ್ಕೂ ಕುತ್ತು ಬರಬಾರದು; ಹೆಸರು ತೆಗೆದು, ಪ್ರತಿಯೊಬ್ಬರ ಒಪ್ಪಿಗೆ ಪಡೆದು, ಸಂಶೋಧನೆಗಳನ್ನು ಪರಿಶೀಲಿಸುವ ನೈತಿಕ ಸಮಿತಿಯ ಮುಂದಿಟ್ಟೇ ಬಳಸಬೇಕು.

ಸಂಸ್ಥೆಯ ಸಮುದಾಯ ವೈದ್ಯಶಾಸ್ತ್ರ ವಿಭಾಗ ಅಧ್ಯಯನದ ಕರಡನ್ನು ಸಿದ್ಧಪಡಿಸಲಿ, ವಾರಕ್ಕೊಂದು ದಿನ ಇದಕ್ಕಾಗಿಯೇ ಹೊರರೋಗಿ ವಿಭಾಗ ನಡೆಯಲಿ, ಲೈನ್ ಮನೆ ಮತ್ತು ಹಾಡಿಗಳಿಗೆ ಹೋಗಿ ಪ್ರಶ್ನೆ ಕೇಳುವ ಆಶಾ ಕಾರ್ಯಕರ್ತೆಯರಿಗೆ ತರಬೇತಿಯ ಜೊತೆ ಪ್ರತ್ಯೇಕ ಗೌರವಧನವೂ ಸಿಗಲಿ. ಅವರಿಗೆ ಬಿಟ್ಟಿ ಕೆಲಸ ಇನ್ನಷ್ಟು ಹೇರುವುದನ್ನು ನಾನು ಒಪ್ಪಲಾರೆ. ಹಣಕ್ಕಾಗಿ ರಾಜ್ಯ ಆರೋಗ್ಯ ಇಲಾಖೆಗೂ ಸಂಶೋಧನಾ ಮಂಡಳಿಗೂ ಪ್ರಸ್ತಾವ ಹೋಗಬೇಕು. ತಾವು ಬೆಂಬಲಿಸಿ ಬರೆದರೆ ಅದಕ್ಕೆ ತೂಕ ಬರುತ್ತದೆ.

ಮುಂದಿನ ಕೊಯ್ಲು ಶುರುವಾಗುವ ಮೊದಲೇ ಮೊದಲ ಸಭೆ ಕರೆಯಬೇಕೆಂದು ಕೋರುತ್ತೇನೆ. ಕೆಲಸಗಾರರು ಒಪ್ಪಿದರೆ ನಮ್ಮ ತೋಟದ 2019ರಿಂದೀಚಿನ ಹಾಜರಿ ಮತ್ತು ತೂಕದ ಪುಸ್ತಕಗಳನ್ನು ಆ ಸಭೆಗೇ ತಂದೊಪ್ಪಿಸಲು ಸಿದ್ಧನಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಸುಂಟಿಕೊಪ್ಪ ಬಳಿಯ ಒಬ್ಬ ಕಾಫಿ ಬೆಳೆಗಾರ