ಐಕ್ಯೂ ಪರೀಕ್ಷೆ ಮಗುವಿನ ಭಾಷೆಯಲ್ಲಿರಲಿ

ಮಾನ್ಯರೇ,

ನನ್ನ ತಂಗಿಯ ಮಗ ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಕನ್ನಡ ಮಾಧ್ಯಮದಲ್ಲಿ ನಾಲ್ಕನೇ ಕ್ಲಾಸು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ. ಕಳೆದ ತಿಂಗಳು ಒಂದು ಕಡೆ ಅವನಿಗೆ ಐಕ್ಯೂ, ಅಂದರೆ ಬುದ್ಧಿಮತ್ತೆ ಅಳೆಯುವ ಪರೀಕ್ಷೆ ಮಾಡಿದರು. ಪ್ರಶ್ನೆಗಳೆಲ್ಲ ಮಲಯಾಳದಲ್ಲಿ. ಅರ್ಧಕ್ಕರ್ಧ ಪ್ರಶ್ನೆಗೆ ಅವನು ಸುಮ್ನೆ ಕೂತನಂತೆ. ‘ಬುದ್ಧಿ ಸ್ವಲ್ಪ ಕಡಿಮೆ’ ಅಂದುಬಿಟ್ಟರು. ತಂಗಿ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಇದೇ ಹುಡುಗ ಅಂಗಳದಲ್ಲಿ ಅಜ್ಜನ ಜತೆ ಕೂತು ಚಾಲಿ (ಒಣಗಿಸಿ ಸುಲಿದ) ಅಡಿಕೆಯಿಂದ ಪಟೋರ, ಕೋಕ ಎಂಬ ಕೆಳದರ್ಜೆಯ ಅಡಿಕೆಗಳನ್ನು ಬೇರೆ ಬೇರೆ ಹೆಕ್ಕುತ್ತಾನೆ. ಕೈಗೆತ್ತಿಕೊಂಡರೆ ಸಾಕು, ಗೊತ್ತಾಗುತ್ತದೆ. ನನಗೇ ಅಷ್ಟು ಬೇಗ ಆಗುವುದಿಲ್ಲ ಬಿಡಿ.

1905ರಲ್ಲಿ ಪ್ಯಾರಿಸ್‌ನಲ್ಲಿ ಆಲ್ಫ್ರೆಡ್ ಬಿನೆ ಮತ್ತು ಥಿಯೊಡೊರ್ ಸಿಮೊನ್ ಇಂಥ ಪರೀಕ್ಷೆ ತಯಾರಿಸಿದ್ದು, ಪಾಠದಲ್ಲಿ ಹಿಂದೆ ಉಳಿದ ಮಕ್ಕಳನ್ನು ಗುರುತಿಸಿ ಸಹಾಯ ಮಾಡಲು. ಬುದ್ಧಿ ಹುಟ್ಟಿದಾಗ ಬಂದಷ್ಟೇ, ಮತ್ತೆ ಬೆಳೆಯುವುದಿಲ್ಲ ಎಂಬ ಮಾತನ್ನು ಬಿನೆ ಒಪ್ಪಿರಲಿಲ್ಲ. ಐಕ್ಯೂ 100 ಅಂದರೆ ಅದೇ ವಯಸ್ಸಿನವರ ಸರಾಸರಿ, ಅಷ್ಟೇ. ಹಾಗಿದ್ದರೆ ಯಾವ ಭಾಷೆಯ ಮಕ್ಕಳ ಜತೆ ಹೋಲಿಸಿದರು ಅಂತ ಕೇಳಬೇಕಲ್ವಾ?

ಈಗ ಹುಡುಗ ಬೆಳಿಗ್ಗೆ ಚೀಲ ಹಾಕಿಕೊಳ್ಳುವ ಹೊತ್ತಿಗೆ ಹೊಟ್ಟೆನೋವು ಅನ್ನುತ್ತಾನೆ. ಭಾನುವಾರ ಮಾತ್ರ ನೋವಿಲ್ಲ! ಮನಸ್ಸಿನ ಹೆದರಿಕೆ ಮಕ್ಕಳಲ್ಲಿ ಹೀಗೂ ಕಾಣಿಸುತ್ತದೆ. ಆ ಪರೀಕ್ಷೆಗಿಂತ ಇದನ್ನು ಯಾರಾದರೂ ವಿಚಾರಿಸಿದ್ದರೆ ಜಾಸ್ತಿ ಉಪಕಾರವಾಗುತ್ತಿತ್ತು.

ಕಾಸರಗೋಡಿನ ಕನ್ನಡ ಶಾಲೆಗಳಿಗೆ ಕನ್ನಡ ಬಲ್ಲ ಕೌನ್ಸೆಲರ್‌ಗಳನ್ನು ಕೊಡಿ. ಸದ್ಯಕ್ಕೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ನ ಉಚಿತ ಸಂಖ್ಯೆ 14416 ಇದೆ, ಅದರಲ್ಲಿ ಕನ್ನಡದ ಸೇವೆಯೂ ಉಂಟು.

– ಓದುಗ, ಬದಿಯಡ್ಕ