ಕಂದು ಹಲ್ಲು ಮಗುವಿನ ತಪ್ಪಲ್ಲ

ಸಂಪಾದಕರಿಗೆ,

ಮಾನ್ಯರೇ,

ಪಾವಗಡ, ಮುಂಡರಗಿ, ಬಾಗೇಪಲ್ಲಿ ಕಡೆಯ ಶಾಲೆಗೆ ಹೋದರೆ ಮುಂದಿನ ಹಲ್ಲಿನಲ್ಲಿ ಕಂದು ಪಟ್ಟೆ ಇರುವ ಮಕ್ಕಳು ಕಾಣುತ್ತಾರೆ. ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಾರೆ. 'ನೆಟ್ಟಗೆ ಹಲ್ಲುಜ್ಜಲ್ವಾ?' ಎಂದು ದೊಡ್ಡವರು ಗದರುತ್ತಾರೆ. ಇದ್ದಿಲು, ಇಟ್ಟಿಗೆ ಪುಡಿ ಹಾಕಿ ತಿಕ್ಕಿಸುವ ಮನೆಗಳೂ ಇವೆ. ದಯವಿಟ್ಟು ಇದು ನಿಲ್ಲಬೇಕು. ಆ ಕಲೆ ಮೇಲೆ ಅಂಟಿದ ಕೊಳೆಯಲ್ಲ, ಕುಡಿಯುವ ನೀರಿನಲ್ಲಿ ಫ್ಲೋರೈಡ್ ಎಂಬ ಲವಣಾಂಶ ಜಾಸ್ತಿಯಾದರೆ ಹಲ್ಲಿಗೆ ಆಗುವ ಫ್ಲೋರೋಸಿಸ್ ಎಂಬ ತೊಂದರೆ. ಬೆಳಕಿನ ಬದಲು ಎಲೆಕ್ಟ್ರಾನ್ ಕಿರಣದಿಂದ ನೋಡುವ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರ ನೋಡಿದವರಿಗೆ ಇದರಲ್ಲಿ ಅನುಮಾನವೇ ಉಳಿಯುವುದಿಲ್ಲ.

ಹಲ್ಲಿನ ಹೊರಕವಚ ಎನಾಮೆಲ್. ಅದರ ತೂಕದಲ್ಲಿ ಸುಮಾರು ಶೇ 96 ಭಾಗ ಖನಿಜವೇ. ಹೈಡ್ರಾಕ್ಸಿಅಪಟೈಟ್ ಎಂಬ ಕ್ಯಾಲ್ಸಿಯಂ ಫಾಸ್ಫೇಟ್ ಹರಳುಗಳು, ಕಡ್ಡಿಪೊರಕೆ ಬಿಗಿದು ಕಟ್ಟಿದ ಹಾಗೆ ಸಾವಿರಾರು ಒಟ್ಟಿಗೆ ಸೇರಿರುತ್ತವೆ. ಒಂದು ಹರಳಿನ ಅಗಲ ಸುಮಾರು 50 ನ್ಯಾನೊಮೀಟರ್ (ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು ಒಂದು ನ್ಯಾನೊಮೀಟರ್). ಕಣ್ಣಿಗೆ ಕಾಣುವ ಬೆಳಕಿನ ಅಲೆಯ ಉದ್ದವೇ 400 ನ್ಯಾನೊಮೀಟರ್ ಹತ್ತಿರ ಶುರುವಾಗುತ್ತದೆ. ಹಾಗಾಗಿ ಶಾಲೆಯ ಲ್ಯಾಬಿನ ಸೂಕ್ಷ್ಮದರ್ಶಕಕ್ಕೆ ಈ ಹರಳು ಸಿಗುವುದಿಲ್ಲ. ಹಲ್ಲಿನ ಚೂರನ್ನು 100 ನ್ಯಾನೊಮೀಟರಿಗಿಂತ ತೆಳ್ಳಗೆ ಮಾಡಿ ಎಲೆಕ್ಟ್ರಾನ್‌ಗಳನ್ನು ಹಾಯಿಸಿದರೆ ಹರಳಿನೊಳಗಿನ ಪರಮಾಣುಗಳ ಸಾಲೇ ಕಾಣುತ್ತದೆ. ಆ ಕಿರಣಕ್ಕೆ ಹರಳು ಬೇಗ ಹಾಳಾಗುವುದರಿಂದ ಚೂರನ್ನು ತುಂಬಾ ತಣ್ಣಗಿಟ್ಟು ನೋಡುವುದೂ ಉಂಟು. ಹರಳಿನ ಒಡಲಿನ ರಾಸಾಯನಿಕ ರಚನೆ ಎಲ್ಲ ಕಡೆ ಒಂದೇ ಅಲ್ಲ, ನಡುಭಾಗ ಆಮ್ಲಕ್ಕೆ ಬೇಗ ಕರಗುತ್ತದೆ ಎಂದು ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ತಂಡ 2020ರಲ್ಲಿ ತೋರಿಸಿತು.

ಫ್ಲೋರೋಸಿಸ್ ಆದ ಹಲ್ಲನ್ನು ಹೀಗೆ ನೋಡಿದರೆ ಮೇಲಿನ ತೆಳು ಪದರ ಹೆಚ್ಚುಕಡಿಮೆ ಗಟ್ಟಿಯಾಗಿಯೇ ಇರುತ್ತದೆ. ಅದರ ಕೆಳಗೆ ಹರಳುಗಳ ನಡುವೆ ಸಂದು ಬಿಟ್ಟಿರುತ್ತದೆ. ದವಡೆಯೊಳಗೆ ಹಲ್ಲು ರೂಪುಗೊಳ್ಳುವಾಗ ನೀರಿನ ಫ್ಲೋರೈಡ್ ಜಾಸ್ತಿಯಾಗಿ, ಹರಳುಗಳ ನಡುವಿನ ಪ್ರೋಟೀನ್ ಪೂರ್ತಿ ಖಾಲಿಯಾಗದೆ, ಖನಿಜ ತುಂಬಬೇಕಾದ ಜಾಗ ಹಾಗೇ ಉಳಿದಿರುತ್ತದೆ. ಹಲ್ಲು ಹುಟ್ಟಿದ ಮೇಲೆ ಆ ಸಂದಿಗೆ ಬಣ್ಣ ಇಳಿಯುತ್ತದೆ. ಇಟ್ಟಿಗೆ ಪುಡಿಯಲ್ಲಿ ತಿಕ್ಕಿದರೆ ಸವೆಯುವುದು ಆ ಗಟ್ಟಿ ಮೇಲ್ಪದರ. ಎನಾಮೆಲ್ ಕಟ್ಟಿದ ಜೀವಕೋಶಗಳು ಹಲ್ಲು ಹುಟ್ಟುವ ಹೊತ್ತಿಗೆ ಇಲ್ಲವಾಗಿರುತ್ತವೆ, ಸವೆದದ್ದು ಮತ್ತೆ ಬೆಳೆಯುವುದಿಲ್ಲ. (ಹಾಗಂತ ಫ್ಲೋರೈಡ್ ಪೇಸ್ಟ್‌ಗೆ ಹೆದರಬೇಕಿಲ್ಲ. ಮೂರು ವರ್ಷ ದಾಟಿದವರಿಗೆ ಬಟಾಣಿ ಗಾತ್ರದಷ್ಟು, ಅದಕ್ಕೂ ಚಿಕ್ಕವರಿಗೆ ಅಕ್ಕಿಕಾಳಿನಷ್ಟು ಹಚ್ಚಿ, ನುಂಗದಂತೆ ಮಕ್ಕಳಿಗೆ ಹೇಳಿಕೊಟ್ಟರೆ ಸಾಕು.)

ಶಾಶ್ವತವಾದ ಮುಂದಿನ ಹಲ್ಲುಗಳ ಎನಾಮೆಲ್ ಕಟ್ಟುವ ಕೆಲಸ ಮಗುವಿನ ಮೊದಲ ನಾಲ್ಕೈದು ವರ್ಷಗಳಲ್ಲೇ ಮುಗಿದುಹೋಗುತ್ತದೆ. ಎಚ್ಚರ ಬೇಕಾದದ್ದು ಆಗ. ಶಾಲೆಗಿಂತ ಮೊದಲು ಅಂಗನವಾಡಿಯ ನೀರು ನೋಡಬೇಕು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಮಿತಿ, ಬೇರೆ ನೀರೇ ಇಲ್ಲದ ಕಡೆ 1.5. ಪ್ರತಿ ಕೊಳವೆಬಾವಿ, ಪ್ರತಿ ಶುದ್ಧ ನೀರಿನ ಘಟಕದ ಮುಂದೆ ಪರೀಕ್ಷೆಯ ಅಂಕಿ, ತಾರೀಕು ಬರೆದ ಬೋರ್ಡ್ ಇರಲಿ. ಘಟಕ ಕೆಟ್ಟು ನಿಂತರೆ ಎಷ್ಟು ದಿನದಲ್ಲಿ ರಿಪೇರಿ ಎಂಬುದೂ ಅದರಲ್ಲೇ ಇರಲಿ. ತಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಮಳೆ ಪ್ರಮಾಣ, ಜಲಾಶಯದ ಮಟ್ಟದ ಜೊತೆಗೆ ಊರೂರಿನ ಈ ಅಂಕಿಯನ್ನೂ ಹಾಕಬೇಕೆಂದು ಕೇಳಿಕೊಳ್ಳುತ್ತೇನೆ.

– ಒಬ್ಬ ದಂತವೈದ್ಯೆ, ತುಮಕೂರು