ದುಬಾರಿಯಾದರೆ ಎಂಬ ನಿನ್ನ ಭಯ

ಚಿರಂಜೀವಿಗೆ ಶಿರಸಿಯಿಂದ ಚಿಕ್ಕಪ್ಪನ ಆಶೀರ್ವಾದಗಳು.

ನಿನ್ನ ಪತ್ರದ ಕೊನೆಯ ಸಾಲೊಂದು ನನ್ನ ನಿದ್ದೆ ಕೆಡಿಸಿದೆ. ಕೈಗಾ ಅಣುಸ್ಥಾವರದ 5 ಮತ್ತು 6ನೇ ಘಟಕಗಳ ಕೆಲಸಕ್ಕೆ ಸೇರಿ ಪ್ರಾಯವನ್ನೆಲ್ಲ ಅಲ್ಲಿಯೇ ಸವೆಸಿದ ಮೇಲೆ, ಸೂರ್ಯನ ವಿದ್ಯುತ್ತೇ ಅಗ್ಗ, ಇದು ಯಾರಿಗೂ ಬೇಡವೆಂದುಬಿಟ್ಟರೆ ನನ್ನ ಗತಿಯೇನು ಎಂದು ಕೇಳಿರುವೆ. ಶಿವರಾಮ ಕಾರಂತರು 1989ರಲ್ಲಿ ಕೈಗಾವನ್ನು ವಿರೋಧಿಸಿ ಲೋಕಸಭೆಗೆ ನಿಂತಾಗ ನಮ್ಮ ಜಗಲಿಯಲ್ಲಿ ಕಾಳಿ ನದಿ, ಕಾಡು, ವಿಕಿರಣ ಇವುಗಳದೇ ಮಾತು. ಯೂನಿಟ್ಟಿನ ದರಕ್ಕೆ ಹೆದರಿದವನನ್ನು ನಮ್ಮ ಮನೆಯಲ್ಲಿ ಈಗಷ್ಟೇ ಕಾಣುತ್ತಿದ್ದೇನೆ.

ಭಯ ಹುಸಿಯೇನಲ್ಲ. 2020ರ ಡಿಸೆಂಬರಿನಲ್ಲಿ ಗುಜರಾತಿನ ಹರಾಜಿನಲ್ಲಿ ಸೌರವಿದ್ಯುತ್ತು ಯೂನಿಟ್ಟಿಗೆ 1 ರೂಪಾಯಿ 99 ಪೈಸೆಗೆ ಇಳಿದಿತ್ತು. ಅಣುಸ್ಥಾವರದಲ್ಲಾದರೋ ಯುರೇನಿಯಮ್ಮಿನ ಖರ್ಚು ಅಲ್ಪ. ಹಣ ಹೋಗುವುದು ಕಟ್ಟುವುದಕ್ಕೆ ಮತ್ತು ಕಟ್ಟಿ ಮುಗಿಯುವವರೆಗೆ ಏರುವ ಬಡ್ಡಿಗೆ. ಸೊಸೈಟಿಯಲ್ಲಿ ಸಾಲದ ಖಾತೆ ಬರೆದ ನನಗೆ ಇದು ಹೊಸತಲ್ಲ: ಅಡಿಕೆ ಸಸಿ ಫಸಲಿಗೆ ಬರುವ ಮೊದಲೇ ಅದರ ಸಾಲದ ಬಡ್ಡಿ ಫಲ ಕೊಡತೊಡಗುತ್ತದೆ. ಕೈಗಾದಲ್ಲಿಯೇ 1994ರಲ್ಲಿ, ರಿಯಾಕ್ಟರಿನ ಮೇಲೆ ಕಟ್ಟುತ್ತಿದ್ದ ಗುಮ್ಮಟದ ಕಾಂಕ್ರೀಟು ಕಳಚಿ ಬಿದ್ದು, ವಾಣಿಜ್ಯ ಉತ್ಪಾದನೆ ಆರಂಭವಾಗುವಾಗ 2000ನೇ ಇಸವಿ ಬಂದಿತ್ತು. ನಿನ್ನ ಘಟಕಗಳಂತೆಯೇ 700 ಮೆಗಾವಾಟಿನ, ಗುಜರಾತಿನ ಕಾಕ್ರಾಪಾರ ಅಣುಸ್ಥಾವರದ 3ನೇ ಘಟಕಕ್ಕೆ 2010ರಲ್ಲಿ ಮೊದಲ ಕಾಂಕ್ರೀಟು ಸುರಿದರು. ಅದು ವಾಣಿಜ್ಯ ಉತ್ಪಾದನೆಗೆ ಬಂದದ್ದು 2023ರಲ್ಲಿ. ಆದ್ದರಿಂದ ನೀನು ಸೂರ್ಯನಿಗಿಂತ ವಿಳಂಬಕ್ಕೆ ಹೆದರುವುದು ಮೇಲು.

ಕಟ್ಟಿ ಮುಗಿದ ಮೇಲಿನ ಲೆಕ್ಕವೇ ಬೇರೆ. ಮಹಾರಾಷ್ಟ್ರದ ತಾರಾಪುರ ಅಣುಸ್ಥಾವರದ ಮೊದಲೆರಡು ಘಟಕಗಳು 1969ರವು. ಅರ್ಧ ಶತಮಾನ ಕಳೆದ ಮೇಲೂ ಅವನ್ನು ಕೈಬಿಡದೆ ದುರಸ್ತಿಗೇ ಹಣ ಹಾಕಿದರು. ಹಾಕಿದ ಬಂಡವಾಳ ತೀರಿದ ಸ್ಥಾವರವನ್ನು ದರದ ಕಾರಣಕ್ಕೆ ಮುಚ್ಚುವುದು ಸುಲಭವಲ್ಲ. ಕೈಗಾದ 1ನೇ ಘಟಕ 2018ರ ಕೊನೆಯವರೆಗೆ ಸತತ 962 ದಿನ ಓಡಿತು, ನಮ್ಮ ಮಳೆಗಾಲಗಳೂ ಸೇರಿ. ಆ 1 ರೂಪಾಯಿ 99 ಪೈಸೆ ಬಿಸಿಲಿರುವಾಗಿನ ದರ. ರಾತ್ರಿಗೆ ಕೂಡಿಡಬೇಕೆಂದರೆ ಅದಕ್ಕೆ ಪ್ರತ್ಯೇಕ ವೆಚ್ಚವಿದೆ, ನೀರನ್ನು ಮೇಲಕ್ಕೆತ್ತಿ ಕೂಡಿಟ್ಟು ಬೇಕಾದಾಗ ಇಳಿಸಿ ವಿದ್ಯುತ್ತು ತೆಗೆಯುವ, ಶರಾವತಿಯ 2000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಯೋಜನೆಯಂತೆ ಕಾಡಿನ ಪ್ರಶ್ನೆಯೂ ಇದೆ. ಇಷ್ಟು ಹೇಳಿದರೂ ನಿನ್ನ ಭಯ ಪೂರ್ತಿ ಹೋಗದೆಂದು ಬಲ್ಲೆ, ಏಕೆಂದರೆ ನನ್ನದೂ ಹೋಗಿರಲಿಲ್ಲ.

ನನಗೆ ಸುರತ್ಕಲ್ಲಿನಲ್ಲಿ ಎಂಜಿನಿಯರಿಂಗ್ ಓದುವ ಆಸೆಯಿತ್ತು. ಕಲಿತದ್ದಕ್ಕೆ ನಾಳೆ ಬೆಲೆಯಿಲ್ಲದಿದ್ದರೆ ಎಂಬ, ನಿನ್ನಂಥದೇ ಅಂಜಿಕೆಯಲ್ಲಿ ಸೊಸೈಟಿಯ ಕುರ್ಚಿ ಹಿಡಿದೆ. ಸಂಬಳ ತಪ್ಪಲಿಲ್ಲ, ಮನೆ ನಡೆಯಿತು. ಆದರೂ ಘಟ್ಟ ಇಳಿದು ಕಾರವಾರಕ್ಕೆ ಹೋಗುವಾಗ ಹೈಟೆನ್ಷನ್ ತಂತಿಗಳನ್ನು ಕಂಡರೆ ಈಗಲೂ ಒಂದು ಸಣ್ಣ ಅಸೂಯೆ ಮೂಡುತ್ತದೆ. ಇದನ್ನು ನಿನ್ನ ಅಪ್ಪನಿಗೂ ಹೇಳಿದವನಲ್ಲ.

ಸಲಹೆ ಕೊಡುವ ಯೋಗ್ಯತೆ ನನಗೆಷ್ಟಿದೆಯೋ ಕಾಣೆ. ಸೇರುವುದಾದರೆ ರಿಯಾಕ್ಟರಿನ ಜೊತೆಗೆ ಟರ್ಬೈನ್ ಮತ್ತು ವಿದ್ಯುತ್ತನ್ನು ತಂತಿಗೆ ಹರಿಸುವ ಸ್ವಿಚ್‌ಯಾರ್ಡುಗಳ ಕೆಲಸವನ್ನೂ ಕಲಿ, ಅವು ಕಲ್ಲಿದ್ದಲಿನ ಸ್ಥಾವರದಲ್ಲಿಯೂ ನಡೆಯುತ್ತವೆ. ಘಟಕ ವಿದ್ಯುತ್ತು ಕೊಡುವವರೆಗೆ ಮನೆ ಕಟ್ಟಲು ದೊಡ್ಡ ಸಾಲ ಮಾಡದಿರುವುದು ಒಳ್ಳೆಯದೆನಿಸುತ್ತದೆ. ಲೆಕ್ಕದವನ ಹಳೆಯ ಚಾಳಿ, ಮನ್ನಿಸು. ಸಂದರ್ಶನದಲ್ಲಿ ಅವಕಾಶ ಸಿಕ್ಕರೆ, ಕಾಮಗಾರಿ ಒಂದು ವರ್ಷ ತಡವಾದರೆ ಬಡ್ಡಿಯೆಷ್ಟು ಬೆಳೆಯುತ್ತದೆಂದು ಕೇಳು, ಮತ್ತು ಅವರು ಹೇಳಿದ್ದನ್ನು ನನಗೂ ಬರೆ.

ಇತಿ, ನಿನ್ನ ಚಿಕ್ಕಪ್ಪ